ನಾಲ್ಕನೆಯ ರಾಶಿ

ಜೂನ್ ೩

ಅತ್ತೆಗೆ,

ಫೋನ್ ಮಾಡಿ ಮಾಡಿ ಸಾಕಾಯಿತು. ಕೊನೆಗೊಮ್ಮೆ ನಿಮ್ಮ ಕೆಳಮನೆಯ ಟೈಲರಮ್ಮ ಎತ್ತಿ, "ನಿಮ್ಮತ್ತೆ ಫೋನಲ್ಲಿ ಮಾತಾಡಲ್ವಂತೆ ಕಣಮ್ಮ, ಬೇಕಿದ್ರೆ ಕಾಗದ ಬರೀಬೇಕಂತೆ" ಎಂದರು. ಹಿಂದಿನಿಂದ ನಿಮ್ಮ ಗಂಟಲು ಕೇಳುತ್ತಿತ್ತು. ಇಡೀ ಬೀದಿಗೆ ಪಾಠ ಹೇಳುವ ಅದೇ ಗಂಟಲು.

ನಿಮಗೇಕೆ ಕೋಪ ಎಂದು ನನಗೆ ಗೊತ್ತು. ನಿವೃತ್ತ ಇತಿಹಾಸ ಮೇಡಮ್ಮಿನ ಸೋದರ ಸೊಸೆ ದೆವ್ವದ ಸಿನಿಮಾ ತೆಗೆಯುತ್ತಿದ್ದಾಳೆ. ಪತ್ರಿಕೆಯ ಓದುಗರ ಅಂಕಣದಲ್ಲಿ ಹೋದ ತಿಂಗಳು ನೀವು ಬರೆದದ್ದನ್ನು ಇಲ್ಲಿಯವರು ಕತ್ತರಿಸಿ ಎಡಿಟಿಂಗ್ ರೂಮಿನ ಗೋಡೆಗೆ ಅಂಟಿಸಿದ್ದಾರೆ. "ಈಗಿನ ಭಯದ ಚಿತ್ರಗಳಿಗೂ ಬಸ್ಸಿನ ಹಾರನ್ನಿಗೂ ವ್ಯತ್ಯಾಸವಿಲ್ಲ." ಬರೆದವರು ನನ್ನ ಅತ್ತೆ ಎಂದು ನಾನು ಯಾರಿಗೂ ಹೇಳಿಲ್ಲ.

ಆದರೂ ನಿಮ್ಮನ್ನೇ ಕೇಳಬೇಕಾಗಿದೆ. ಇದರೊಂದಿಗೆ ಒಂದು ಪೆನ್ ಡ್ರೈವ್ ಇಟ್ಟಿದ್ದೇನೆ. ನಿಮ್ಮ ಟಿ.ವಿ.ಯ ಪಕ್ಕದಲ್ಲಿ ಅದಕ್ಕೊಂದು ಕಿಂಡಿ ಇದೆ. ಅದರಲ್ಲಿರುವುದು ಸಿನಿಮಾದ ಆರಂಭ ಮಾತ್ರ. ಒಬ್ಬಳು ಗೃಹಿಣಿ ಮಂಚದ ಮೇಲೆ ಕೂತು ಒಗೆದ ಬಟ್ಟೆ ಮಡಚುತ್ತಾಳೆ. ಉಳಿದದ್ದನ್ನು ನೀವೇ ನೋಡಿ.

ನಿರ್ಮಾಪಕರನ್ನು ನಾವು ಯಜಮಾನರು ಎನ್ನುತ್ತೇವೆ. ಅವರಿಗೆ ಆರಂಭವೇ ಎಲ್ಲ. ಅದು ಒಪ್ಪಿಗೆಯಾದರೆ ಸಿನಿಮಾ ನನ್ನದು. ಇಲ್ಲವಾದರೆ ಮುಗಿಸುವ ಕೆಲಸ ಬೇರೆಯವರ ಕೈಗೆ ಹೋಗುತ್ತದೆ, ನಿರ್ದೇಶಕಿ ಎಂಬ ಜಾಗದಲ್ಲಿ ಅವರ ಹೆಸರು ಬರುತ್ತದೆ. ನಾಲ್ಕು ವರ್ಷದ ದುಡಿಮೆ ಹಾಗೇ ಕೈಬಿಟ್ಟು ಹೋಗುತ್ತದೆ.

ಹೆದರಿಕೆ ಆಯಿತೋ ಇಲ್ಲವೋ, ಅಷ್ಟು ಬರೆಯಿರಿ.

ನಿಮ್ಮ ಪುಕ್ಕಲಿ


ಜೂನ್ ೧೧

ಪುಕ್ಕಲಿ,

ಕೋಪ ಬಂದಿರುವುದು ನಿಜ, ನಿನ್ನ ಮೇಲೆ ಎಂದು ನಿನಗೆ ಯಾರು ಹೇಳಿದರು? ಜಿರಲೆ ಕಂಡರೆ ಕುರ್ಚಿ ಹತ್ತುತ್ತಿದ್ದವಳು ಈಗ ಊರನ್ನು ಹೆದರಿಸಲು ಹೊರಟಿರುವುದು ನನಗೆ ಹೆಮ್ಮೆಯ ವಿಷಯ. ನನ್ನ ಸಿಟ್ಟೆಲ್ಲ ನಿನ್ನ ಕಸುಬಿನವರ ಮೇಲೆ. ಪರದೆಯ ಮೇಲೆ ಬೆಳಕು ಬೀಳುವುದಕ್ಕೆ ಪುರುಸೊತ್ತಿಲ್ಲ, ಬಾಗಿಲು ಕಿರ್ರೆನ್ನುತ್ತದೆ, ಬೆಕ್ಕು ಹಾರುತ್ತದೆ, ಕನ್ನಡಿಯಲ್ಲಿ ಬಿಳಿಯ ಮುಖ ಕಾಣುತ್ತದೆ. ಟಿಕೆಟ್ಟು ಕೊಂಡು ಬಂದ ಮರ್ಯಾದಸ್ಥರ ಬೆನ್ನ ಹಿಂದೆ ನಿಂತು "ಭೌ" ಎನ್ನುವುದಕ್ಕೆ ಇವರು ಕಲೆ ಎಂದು ಹೆಸರಿಟ್ಟಿದ್ದಾರೆ. ಬೆಚ್ಚುವುದು ಬೇರೆ, ಹೆದರುವುದು ಬೇರೆ. ಬೆಚ್ಚಿದವನು ಮರುಕ್ಷಣ ನಗುತ್ತಾನೆ. ಹೆದರಿದವನಿಗೆ ನಗು ಬರುವುದಿಲ್ಲ.

ನಿನ್ನ ಅಪ್ಪನೂ ನಾನೂ ಚಿಕ್ಕವರಿದ್ದಾಗ ಒಂದು ಚಿತ್ರ ನೋಡಿದ್ದೆವು. ಹೆಸರು ಮರೆತಿದ್ದೇನೆ, ಆರಂಭವನ್ನು ಮರೆಯಲಾಗಿಲ್ಲ. ಅಂಚೆಯವನೊಬ್ಬ ಒಂದು ವಠಾರದ ಮೆಟ್ಟಿಲು ಹತ್ತುತ್ತಾನೆ. ಮನೆ ಮನೆಗೆ ಕಾಗದ ಕೊಡುತ್ತಾನೆ, ಎಲ್ಲರೊಡನೆ ಎರಡು ಮಾತು. ಒಂದು ಬಾಗಿಲ ಸಂದಿಯಿಂದ ಕೈಯೊಂದು ಬಂದು ಕಾಗದ ತೆಗೆದುಕೊಳ್ಳುತ್ತದೆ. ಪಕ್ಕದ ಮನೆಯವಳು, ಆ ಮನೆ ಖಾಲಿ ಇದೆಯಲ್ಲ, ಕಾಗದ ಯಾರಿಗೆ ಕೊಟ್ಟೆ ಎಂದು ಕೇಳುತ್ತಾಳೆ. ಅವನು ಚೀಲದಲ್ಲಿ ಮುಂದಿನ ಕಾಗದ ಹುಡುಕುವ ಗಡಿಬಿಡಿಯಲ್ಲಿ "ಹೌದಾ" ಎಂದು ಇಳಿದುಹೋಗುತ್ತಾನೆ. ಅವನಿಗೆ ಆಮೇಲೆ ಹೊಳೆಯಬಹುದು. ನಮಗೆ ಆಗಲೇ ಹೊಳೆದಿತ್ತು. ಅವನಿಗೆ ಹೊಳೆಯದೆ ನಮಗೆ ಹೊಳೆದಿರುವ ಆ ನಡುವಿನ ಹೊತ್ತಿದೆಯಲ್ಲ, ಭಯ ವಾಸವಾಗಿರುವುದು ಅಲ್ಲಿ. ನಿನ್ನ ಅಪ್ಪನ ತೋಳಿನ ಮೇಲೆ ನನ್ನ ಉಗುರು ಮೂಡಿದ್ದನ್ನು ಅವನು ಮದುವೆಯಾಗುವವರೆಗೂ ಆಡಿಕೊಳ್ಳುತ್ತಿದ್ದ.

ಈಗ ನಿನ್ನದು. ಆ ಹೆಣ್ಣುಮಗಳು ಬಟ್ಟೆ ಮಡಚುವುದನ್ನು ನೋಡುತ್ತಾ ಮೊದಲು ನನಗೆ ಸ್ವಲ್ಪ ಬೇಸರವೇ ಆಯಿತು. ಗಂಡನ ಬಟ್ಟೆ ಒಂದು ರಾಶಿ, ಮಗಳದು ಒಂದು, ತನ್ನದು ಒಂದು. ಅಕ್ಕನೊಡನೆ ಫೋನಿನಲ್ಲಿ ಹರಟುತ್ತಾ ಕೈ ತಾನಾಗಿ ಕೆಲಸ ಮಾಡುತ್ತಿದೆ. ಆಮೇಲೆ ನೋಡಿದರೆ ಆ ಕೈ ನಾಲ್ಕನೆಯ ರಾಶಿಯೊಂದನ್ನು ಮಾಡುತ್ತಿದೆ. ಆ ಮನೆಯಲ್ಲಿರುವವರು ಮೂರು ಜನ, ಗೋಡೆಯ ಫೋಟೋದಲ್ಲಿ ಆಗಲೇ ಕಂಡಿದ್ದೇವೆ. ಅವಳು ಗಮನಿಸಿಲ್ಲ, ನಗುತ್ತಿದ್ದಾಳೆ. ನಾನು ಟಿ.ವಿ.ಯ ಮುಂದೆ ಕೂತು "ಏ ಹುಡುಗಿ, ಆ ಅಂಗಿ ಯಾರದು ನೋಡೇ" ಎಂದು ಗದರಿದೆ.

ಅಷ್ಟು ಹೊತ್ತೂ ಎಂಥ ಮೌನ ಇಟ್ಟಿದ್ದೀಯ. ನಿನ್ನ ಕಸುಬಿನವರಲ್ಲಿ ಒಬ್ಬರಿಗಾದರೂ ಬಾಯಿ ಮುಚ್ಚಿಕೊಂಡಿರಲು ಬರುತ್ತದೆ ಎಂದು ಸಮಾಧಾನವಾಯಿತು.

ಒಂದೇ ತಕರಾರು. ನಾಲ್ಕನೆಯ ರಾಶಿಯನ್ನು ಪರದೆ ತುಂಬ ದೊಡ್ಡದು ಮಾಡಿ ತೋರಿಸಿದ್ದೇಕೆ? ಅದನ್ನು ನಾನೇ ಕಂಡುಹಿಡಿದಿದ್ದೆ. ನೀನು ನನ್ನ ಗಲ್ಲ ಹಿಡಿದು ತಿರುಗಿಸಿ "ಇಲ್ಲಿ ನೋಡು" ಎಂದೆ. ಅಲ್ಲಿಗೆ ನನ್ನ ಹೆದರಿಕೆ ಇಳಿದುಹೋಯಿತು.

ನಿನ್ನ ಅತ್ತೆ


ಜೂನ್ ೧೬

ಅತ್ತೆ,

ಚುಚ್ಚಬೇಕೆಂದಿದ್ದರೆ ನೇರವಾಗಿ ಚುಚ್ಚಬಹುದಿತ್ತು. ಮೌನವನ್ನು ಹೊಗಳುವ ಕಷ್ಟ ಏಕೆ ತೆಗೆದುಕೊಂಡಿರಿ?

ಮೊದಲಿನಿಂದ ಕೊನೆಯವರೆಗೆ ಅಲ್ಲಿ ನಗಾರಿ ಬಡಿಯುತ್ತದೆ, ನಡುನಡುವೆ ಪಿಟೀಲು ಕಿರ್ರೆನ್ನುತ್ತದೆ. ನಾಲ್ಕನೆಯ ರಾಶಿ ಕಂಡ ಕೂಡಲೇ ಧಡಾರೆಂದು ಸದ್ದು, ಅದರ ಮೇಲೆ ಒಂದು ಹೆಣ್ಣಿನ ಕಿರುಚು. ಇಲ್ಲಿ ಕಾಫಿ ತರುವವರೂ ಆ ಜಾಗ ಬಂದಾಗ ಲೋಟ ಕೆಳಗಿಟ್ಟು ಕಿವಿ ಮುಚ್ಚುತ್ತಾರೆ. ಅದನ್ನು ನೋಡಿ ನೀವು "ಎಂಥ ಮೌನ" ಎಂದು ಬರೆದಿರಿ. ನಾನು ಓದಿ ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡೆ.

ನಿಮಗೆ ಹೇಳದ ಮಾತೊಂದಿದೆ. ಆ ಸದ್ದು ನನ್ನದಲ್ಲ, ದೊಡ್ಡದು ಮಾಡಿ ತೋರಿಸಿದ್ದೂ ನನ್ನದಲ್ಲ. ಯಜಮಾನರ ಭಾಮೈದ ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತು ಹಾಕಿಸಿದ್ದು. ನಾನು ತಲೆಯಾಡಿಸಿದೆ. ಮುಗಿಸುವ ಕೆಲಸ "ಬೇರೆಯವರಿಗೆ" ಹೋಗುತ್ತದೆ ಎಂದೆನಲ್ಲ, ಆ ಬೇರೆಯವನು ಇವನೇ. ನಾನು ತಲೆಯಾಡಿಸುತ್ತಾ ಹೋದರೆ ಸಿನಿಮಾ ನನ್ನ ಹತ್ತಿರ ಉಳಿಯುತ್ತದೆ ಎಂದುಕೊಂಡಿದ್ದೆ. ನಿಮಗೆ ಕಳಿಸಿದಾಗಲೂ ಎಲ್ಲ ನನ್ನದೇ ಎನ್ನುವಂತೆ ಕಳಿಸಿದೆ. ನೀವು ಒಳ್ಳೆಯ ಮಾತು ಹೇಳಿದರೆ ಅದನ್ನೇ ನಂಬಿಬಿಡೋಣ ಎಂಬ ಆಸೆ.

ಸರಿ. ನೀವು ಹೇಳಿಲ್ಲ.

ಪು.


ಜೂನ್ ೨೭

ಅತ್ತೆ,

ನೀವು ಉತ್ತರ ಬರೆದಿಲ್ಲ. ನಾನು ಬರೆದದ್ದು ಹೆಚ್ಚಾಯಿತು. ಟೈಲರಮ್ಮನಿಗೆ ಫೋನ್ ಮಾಡಿದೆ, ನೀವು ಚೆನ್ನಾಗಿದ್ದೀರಿ, ಆದರೆ ಒಂದು ವಾರದಿಂದ ಯಾರನ್ನೂ ಬೈದಿಲ್ಲ ಎಂದರು. ಅದು ಕೇಳಿ ಇನ್ನೂ ಗಾಬರಿಯಾಯಿತು.

ಯಜಮಾನರು ಮುಂದಿನ ವಾರ ಆರಂಭವನ್ನು ಪಕ್ಕಾ ಮಾಡುತ್ತಾರಂತೆ.

ಪುಕ್ಕಲಿ


ಜುಲೈ ೨

ಪುಕ್ಕಲಿ,

ನನಗೆ ಕಿವಿ ಕೇಳುವುದಿಲ್ಲ.

ಈ ಒಂದು ಸಾಲು ಬರೆಯಲು ಇಷ್ಟು ದಿನ ಹಿಡಿಯಿತು. ಎಡಗಿವಿ ಪೂರ್ತಿ ಹೋಗಿ ಎರಡು ವರ್ಷವಾಯಿತು. ಬಲಗಿವಿಗೆ ಯಾರಾದರೂ ಬಾಗಿಲು ಒಡೆದರೆ ಏನೋ ಆಯಿತೆಂದು ತಿಳಿಯುತ್ತದೆ. ಫೋನು ಎತ್ತದಿದ್ದದ್ದು ಅದಕ್ಕೆ. ನೀನು ಅದನ್ನು ಕೋಪ ಎಂದುಕೊಂಡೆ, ನನಗೂ ಅನುಕೂಲವಾಯಿತು. ಕೋಪಿಷ್ಠೆ ಎನ್ನಿಸಿಕೊಂಡು ಅಭ್ಯಾಸವಿದೆ, ಕಿವುಡಿ ಎನ್ನಿಸಿಕೊಂಡಿರಲಿಲ್ಲ. ಹಿಂದೊಮ್ಮೆ ಟೈಲರಮ್ಮ ಮೇಲೆ ಬಂದು, ನಿಮ್ಮ ಟಿ.ವಿ. ಸದ್ದಿಗೆ ನಮ್ಮ ಹೊಲಿಗೆ ಮಿಷಿನ್ನೇ ಕೇಳಲ್ಲ ಮೇಡಂ ಎಂದು ಅಂಗಲಾಚಿದಳು. ಅವತ್ತಿನಿಂದ ಸದ್ದನ್ನು ಪೂರ್ತಿ ಇಳಿಸಿ ಕೆಳಗೆ ಓಡುವ ಅಕ್ಷರ ಓದಿಕೊಂಡಿದ್ದೇನೆ. ನಿನ್ನ ಚಿತ್ರವನ್ನೂ ಹಾಗೆಯೇ ನೋಡಿದೆ.

ಸದ್ದಿನ ಬಗ್ಗೆ ಏನೂ ಬರೆಯದಿದ್ದರೆ ನಿನಗೆ ಅನುಮಾನ ಬರುತ್ತದೆ ಎಂದು ಯೋಚಿಸಿದೆ. ಊಹೆ ಮಾಡಿ ಬರೆದೆ. ಇತಿಹಾಸ ಕಲಿಸಿದವಳು ಆಧಾರವಿಲ್ಲದೆ ಬರೆದೆ, ನನಗೆ ಹೀಗೇ ಆಗಬೇಕು.

ಆದರೆ ಒಂದು ಮಾತು ಕೇಳು. ಮೌನ ಎಂದು ಏಕೆ ಊಹಿಸಿದೆ? ನಗಾರಿ ಎಂದು ಬರೆಯಬಹುದಿತ್ತಲ್ಲ. ಆ ಹೆಣ್ಣುಮಗಳ ಕೈ, ಆ ಹಾಸಿಗೆ, ಕಿಟಕಿಯ ಬಿಸಿಲು, ಎಲ್ಲ ಎಷ್ಟು ಸಹಜವಾಗಿತ್ತೆಂದರೆ ಇದರ ಹಿಂದೆ ಸದ್ದು ಇರಲಿಕ್ಕೇ ಸಾಧ್ಯವಿಲ್ಲ ಎನ್ನಿಸಿತು. ಇದನ್ನು ತೆಗೆದವಳಿಗೆ ಗೊತ್ತಿರುತ್ತದೆ ಎಂದುಕೊಂಡೆ. ನೀನು ತೆಗೆದಾಗ ಗೊತ್ತಿತ್ತು. ಆಮೇಲೆ ಆ ಭಾಮೈದ ನಿನ್ನ ಪಕ್ಕದಲ್ಲಿ ಬಂದು ಕೂತ.

ಕೂತ ಎಂದೆನಲ್ಲ, ಅಷ್ಟು ಮರ್ಯಾದೆ ಸಾಕು ಅವನಿಗೆ. ಎದುರಿಗಿರುವವರಿಗೆ ಬುದ್ಧಿಯಿಲ್ಲ ಎಂದು ತೀರ್ಮಾನಿಸಿದವರು ಮಾತ್ರ ಹೀಗೆ ನಗಾರಿ ಬಡಿಯುತ್ತಾರೆ. ಈಗ ಹೆದರಿ, ಈಗ ಬಿಡಿ, ಈಗ ಮತ್ತೆ ಹೆದರಿ. ನಮ್ಮ ಊರಿನ ಸಭೆಗಳಲ್ಲಿ ಚಪ್ಪಾಳೆ ತಟ್ಟಿಸುವವರನ್ನು ನಲವತ್ತು ವರ್ಷ ನೋಡಿದ್ದೇನೆ, ಇದೂ ಅದೇ ಜಾತಿಯದು.

ನಿನ್ನ ಯಂತ್ರದ ಸದ್ದು ಆರಿಸಿ ಒಮ್ಮೆ ನೋಡು. ನಾನು ಕಂಡದ್ದು ನಿನಗೂ ಕಾಣಲಿ.

ನಿನ್ನ ಕಿವುಡಿ ಅತ್ತೆ


ಜುಲೈ ೯

ಅತ್ತೆ,

ಮೊದಲು ನಿಮ್ಮ ಮೇಲಿನ ಸಿಟ್ಟು. ಎರಡು ವರ್ಷ ನೀವು ಒಬ್ಬರೇ ಇದನ್ನು ಹೊತ್ತುಕೊಂಡಿದ್ದಿರಿ. ಡಾಕ್ಟರ ಹತ್ತಿರ ಹೋಗಿದ್ದೀರಾ, ಮಿಷಿನ್ನು ಕೊಟ್ಟಿದ್ದಾರಾ, ಕೊಟ್ಟಿದ್ದರೆ ಅದು ಯಾವ ಡ್ರಾಯರಿನಲ್ಲಿ ಬಿದ್ದಿದೆ? ಇದಕ್ಕೆ ಉತ್ತರ ಬೇಕು.

ಈಗ ಉಳಿದದ್ದು. ನಿಮ್ಮ ಕಾಗದ ಬಂದ ಬೆಳಿಗ್ಗೆಯೇ ಸ್ಪೀಕರಿನ ವಯರು ಕಿತ್ತು ನೋಡಿದೆ. ಎಷ್ಟೋ ಸಲ ಕತ್ತರಿಸಿ ಅಂಟಿಸಿದ ದೃಶ್ಯ ಅದು, ಆದರೂ ಹೆದರಿದೆ. ನಗಾರಿ ಇದ್ದಾಗ ನಾನು ನಗಾರಿಯನ್ನು ಕಾಯುತ್ತಿದ್ದೆ. ಅದಿಲ್ಲದಾಗ ಕಣ್ಣು ಕೋಣೆಯನ್ನೆಲ್ಲ ಹುಡುಕತೊಡಗಿತು. ಬಾಗಿಲ ಹಿಂದೆ ಏನಿದೆ, ಮಂಚದ ಕೆಳಗೆ ಏನಿದೆ. ಅಲ್ಲೆಲ್ಲ ಏನೂ ಇಲ್ಲ ಅತ್ತೆ. ಕೊನೆಗೆ ಕಣ್ಣು ಎದುರಿಗೇ ಇರುವ ಬಟ್ಟೆಯ ರಾಶಿಗೆ ಬಂದು ನಿಲ್ಲುತ್ತದೆ.

ದೊಡ್ಡದು ಮಾಡಿ ತೋರಿಸಿದ್ದನ್ನು ಕಿತ್ತೆಸೆದೆ. ನಗಾರಿ, ಪಿಟೀಲು, ಕಿರುಚು ಎಲ್ಲ ಹೋಯಿತು. ಆದರೆ ನಿಮ್ಮ ಹಾಗೆ ಪೂರ್ತಿ ಸದ್ದಿಲ್ಲದೆ ಬಿಡಲಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಅಕ್ಕನ ಜೊತೆಯ ಮಾತು ಇದೆ. ಅದರ ಹಿಂದೆ ಫ್ರಿಜ್ಜಿನ ಗುಯ್ ಎನ್ನುವ ಸದ್ದು ಮೊದಲಿನಿಂದ ಇಟ್ಟಿದ್ದೇನೆ. ಎಲ್ಲರ ಮನೆಯಲ್ಲೂ ಇರುವುದು, ಯಾರೂ ಗಮನಿಸುವುದಿಲ್ಲ. ಬುಟ್ಟಿಯಲ್ಲಿ ಉಳಿದ ಕೊನೆಯ ಅಂಗಿಯನ್ನು ಅವಳು ಎತ್ತುತ್ತಾಳೆ. ಉಳಿದ ಬಟ್ಟೆಯೆಲ್ಲ ಒಣಗಿದೆ, ಅದು ಮಾತ್ರ ನೀರು ತೊಟ್ಟಿಕ್ಕುತ್ತಿದೆ. ಆ ಹನಿ ಹಾಸಿಗೆಯ ಮೇಲೆ ಬೀಳುವಾಗ ಫ್ರಿಜ್ಜಿನ ಸದ್ದು ನಿಲ್ಲುತ್ತದೆ.

ಅದನ್ನು ತೆಗೆದುಕೊಂಡು ಯಜಮಾನರ ಕೋಣೆಗೆ ಹೋದೆ. ಭಾಮೈದನೂ ಇದ್ದ. ಇದೇನು ಸಾಬೂನಿನ ಜಾಹೀರಾತಾ ಎಂದು ನಕ್ಕ. ನಾನು ಈ ಸಲ ತಲೆಯಾಡಿಸಲಿಲ್ಲ. ಎರಡನ್ನೂ ಜನರಿಗೆ ತೋರಿಸೋಣ, ಅವರು ಹೇಳಲಿ ಎಂದೆ. ಸೋತರೆ ಸಿನಿಮಾ ಅವನಿಗೇ ಬಿಡುತ್ತೇನೆ, ನನ್ನ ಹೆಸರೂ ಬೇಡ ಎಂದೂ ಅಂದುಬಿಟ್ಟೆ. ಯಜಮಾನರು, "ಆಯ್ತಮ್ಮ, ನೀನೇ ಕೇಳಿದ್ದು" ಎಂದರು.

ಅವರ ಪದ್ಧತಿ ನಿಮಗೆ ಗೊತ್ತಿಲ್ಲ. ಬಿಡುಗಡೆಗೆ ಮುಂಚೆ ದೂರದ ಊರೊಂದರ ಚಿತ್ರಮಂದಿರದಲ್ಲಿ ಬೇರೆ ಹೆಸರಿಟ್ಟು ಒಂದು ದಿನ ಓಡಿಸುತ್ತಾರೆ. ಈ ಸಲ ಆರಿಸಿರುವುದು ನಿಮ್ಮ ಊರನ್ನು. ಹದಿನೆಂಟರ ಬೆಳಿಗ್ಗೆಯ ಆಟಕ್ಕೆ ಭಾಮೈದನ ಆರಂಭ, ಸಂಜೆಯ ಆಟಕ್ಕೆ ನನ್ನದು, ಉಳಿದ ಸಿನಿಮಾ ಎರಡಕ್ಕೂ ಒಂದೇ. ನಾನು ಬರುವಂತಿಲ್ಲ. ಹಿಂದೆ ಯಾರೋ ನಿರ್ದೇಶಕರು ಹಾಲಿನಲ್ಲಿ ಕೂತು ತಾವೇ ಕಿರುಚಿ ಜನರನ್ನು ಕಿರುಚಿಸಿದ್ದರಂತೆ. ಅಂದಿನಿಂದ ತೆಗೆದವರಿಗೆ ಪ್ರವೇಶವಿಲ್ಲ.

ನೀವು ಹೋಗುತ್ತೀರಾ?

ಪುಕ್ಕಲಿ


ಜುಲೈ ೧೯

ಪುಕ್ಕಲಿ,

ಎರಡು ಆಟಕ್ಕೂ ಹೋಗಿದ್ದೆ. ಟೈಲರಮ್ಮ ಜೊತೆಗೆ ಬರುತ್ತೇನೆಂದಳು, ದೆವ್ವದ ಸಿನಿಮಾ ಎಂದ ಮೇಲೆ ಅವಳಿಗೆ ಹೊಲಿಗೆ ನೆನಪಾಯಿತು.

ಮುಂದಿನ ಸಾಲಿನ ಮೂಲೆಯ ಸೀಟು ಹಿಡಿದು, ಬೆನ್ನನ್ನು ಪರದೆಯ ಕಡೆಗೆ ಮಾಡಿ ಕೂತೆ. ಗೇಟಿನವನು ಟಾರ್ಚು ಬಿಟ್ಟುಕೊಂಡು ಬಂದು, "ಅಜ್ಜಿ, ಪರದೆ ಆ ಕಡೆ ಇದೆ" ಎಂದ. "ಗೊತ್ತಪ್ಪ, ಪರದೆ ನೋಡಿಯಾಗಿದೆ. ಈಗ ಇವರನ್ನು ನೋಡಬೇಕು" ಎಂದೆ. ಅವನು ಹಣೆ ಚಚ್ಚಿಕೊಂಡು ಹೋದ.

ಬೆಳಿಗ್ಗೆಯದನ್ನು ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಧಡಾರೆಂದಾಗ ಇಡೀ ಹಾಲು ಸೀಟಿನಿಂದ ಮೇಲೆದ್ದಿತು. ನನ್ನ ಪಾದಕ್ಕೂ ನೆಲ ನಡುಗಿದ್ದು ಗೊತ್ತಾಯಿತು. ಹಿಂದಿನ ಸಾಲಿನಲ್ಲಿ ಯಜಮಾನರ ಪಕ್ಕ ಕೂತಿದ್ದ ಭಾಮೈದ ತೊಡೆ ತಟ್ಟಿಕೊಂಡ, ಸಿನಿಮಾದವರು ಇವರೇ ಎಂದು ಗೇಟಿನವನು ತೋರಿಸಿದ್ದ. ನಿನ್ನನ್ನು ಹಾಳು ಮಾಡಿದೆನಲ್ಲ ಎಂದುಕೊಂಡೆ. ಆದರೆ ಮೇಲೆದ್ದವರು ಕೆಳಗೆ ಕೂರುವಷ್ಟರಲ್ಲಿ ನಗುತ್ತಿದ್ದರು. ಒಬ್ಬರ ಬೆನ್ನಿಗೆ ಒಬ್ಬರು ಗುದ್ದಿದರು. ಅಲ್ಲಿಂದ ಮುಂದೆ ಅವರು ಪಾಪ್‌ಕಾರ್ನ್ ತಿಂದರು, ಫೋನು ತೆಗೆದರು, ಇಬ್ಬರು ಎದ್ದು ಹೋದರು.

ಸಂಜೆ ಹಾಲು ತುಂಬಿತ್ತು. ನಿನ್ನ ಹೆಣ್ಣುಮಗಳು ಬಟ್ಟೆ ಮಡಚತೊಡಗಿದಳೆಂದು ಜನರ ಮುಖದಿಂದ ತಿಳಿಯಿತು, ಯಾರಿಗೂ ಏನೂ ಆಗಿರಲಿಲ್ಲ. ಒಬ್ಬ ಆಕಳಿಸಿದ. ಭಾಮೈದ ಯಜಮಾನರ ಕಡೆ ತಿರುಗಿ ಹುಬ್ಬು ಹಾರಿಸಿದ.

ಆಮೇಲೆ ನಡುವಿನ ಸಾಲಿನಲ್ಲಿ ಒಬ್ಬಳು ಮೆಲ್ಲನೆ ಗಂಡನ ಮೊಣಕೈ ಮುಟ್ಟಿದಳು. ಅವನು ಮುಂದಕ್ಕೆ ಬಾಗಿದ. ಪಕ್ಕದವನ ಕಿವಿಗೆ ಬಾಯಿಟ್ಟ, ಆ ಪಕ್ಕದವನು ಇನ್ನೊಬ್ಬನ ಕಿವಿಗೆ. ನಾಲ್ಕನೆಯ ರಾಶಿ ಹಾಲಿನೊಳಗೆ ಬಾಯಿಂದ ಬಾಯಿಗೆ ಹೋಗುವುದನ್ನು ನಾನು ನೋಡುತ್ತಾ ಕೂತಿದ್ದೆ. ಹಿಂದಿನ ಸಾಲಿನವರಿಗೆ ತಲುಪುವಷ್ಟರಲ್ಲಿ ಮುಂದಿನ ಸಾಲಿನ ಹುಡುಗಿಯೊಬ್ಬಳು ಕಾಲನ್ನು ಮೇಲೆ ಸೀಟಿಗೆ ಎಳೆದುಕೊಂಡಿದ್ದಳು. ಯಾರೂ ಬೆಚ್ಚಲಿಲ್ಲ, ಯಾರೂ ನಗಲಿಲ್ಲ.

ಆಮೇಲೆ ಎಲ್ಲರ ದವಡೆ ಒಮ್ಮೆಲೇ ನಿಂತಿತು. ಅಷ್ಟು ಜನ ಅಗಿಯುತ್ತಿದ್ದವರು ಒಟ್ಟಿಗೆ ನಿಲ್ಲಿಸಿದರು. ಬಾಯಿಗೆ ಹೊರಟ ಕೈ ಅರ್ಧಕ್ಕೇ ನಿಂತಿತು. ತಿರುಗಿ ಪರದೆ ನೋಡಿದೆ, ಅವಳ ಕೈಯಲ್ಲಿ ಒದ್ದೆ ಅಂಗಿ ಇತ್ತು. ನೀನು ಬರೆದಿದ್ದ ಫ್ರಿಜ್ಜು ನಿಂತದ್ದು ನನಗೆ ಕಣ್ಣಿಗೆ ಕಂಡಿತು ಮಗಳೇ. ಕಿವಿಯಿದ್ದ ಕಾಲದಲ್ಲೂ ನಾನು ಇಷ್ಟು ಚೆನ್ನಾಗಿ ಕೇಳಿಸಿಕೊಂಡಿರಲಿಲ್ಲ.

ಮಧ್ಯಂತರದ ವಿಷಯ ಈಗ. ಯಜಮಾನರೂ ಭಾಮೈದನೂ ಎಲ್ಲರಿಂದ ದೂರ, ಆಚೆ ಗೋಡೆಯ ಹತ್ತಿರ ಹೋಗಿ ನಿಂತು ಪಿಸುಗುಟ್ಟಿದರು. ಹಿಂದಿನ ಬೆಂಚಿನ ಹುಡುಗಿಯರು ಸದ್ದಿಲ್ಲದೆ ಆಡುವ ಮಾತನ್ನು ಕರಿಹಲಗೆಯ ಪಕ್ಕದಿಂದ ತುಟಿ ನೋಡಿ ಓದುತ್ತಿದ್ದವಳು ನಾನು. ಇವರದೇನು ಮಹಾ. ಯಜಮಾನರು, "ಅವಳದ್ದೇ ಇಟ್ಕೊಳ್ಳೋಣ ಕಣೋ. ನಿಂದು ನೋಡಿ ಜನ ನಕ್ಕರು. ಇದಕ್ಕೆ ನನ್ನ ಕಾಲು ತಣ್ಣಗಾಯ್ತು" ಎಂದರು. ಭಾಮೈದ, "ಈಗಲೇ ಹೇಳ್ಬೇಡಿ ಭಾವ, ತಲೆ ಮೇಲೆ ಕೂರ್ತಾಳೆ. ಒಂದು ನಗಾರಿನಾದ್ರೂ ಹಾಕಿಸೋಣ" ಎಂದ.

ಹಾಗಾಗಿ ಅವರು ಕರೆದು ಗೋಳು ಹೇಳಿಕೊಂಡಾಗ ನೀನು ಕರಗಬೇಡ. ಗೆದ್ದಾಗಿದೆ.

ಕಿವಿಯ ಮಿಷಿನ್ನು ಡ್ರಾಯರಿನಿಂದ ತೆಗೆದೆ. ಹಾಕಿಕೊಂಡರೆ ಊರೆಲ್ಲ ತಗಡಿನ ಡಬ್ಬದೊಳಗೆ ಕೂತು ಮಾತಾಡುವಂತೆ ಕೇಳುತ್ತದೆ. ಆದರೂ ನಿನ್ನ ಸಿನಿಮಾ ಬಿಡುಗಡೆಯಾಗುವ ಹೊತ್ತಿಗೆ ಅಭ್ಯಾಸ ಮಾಡಿಕೊಳ್ಳುತ್ತೇನೆ.

ನಿನ್ನ ಅತ್ತೆ


ಜುಲೈ ೨೭

ಅತ್ತೆಗೆ,

ನಿಮ್ಮ ಕಾಗದ ಬಂದ ಮರುದಿನವೇ ಯಜಮಾನರು ಕರೆಸಿದರು. ಮುಖ ಸಪ್ಪೆ ಮಾಡಿಕೊಂಡು ಕೂತಿದ್ದರು. ಪಕ್ಕದಲ್ಲಿ ಭಾಮೈದ. ಎರಡೂ ಸುಮಾರಾಗಿಯೇ ಹೋಯಿತು, ಜನಕ್ಕೆ ನಿನ್ನದು ಅಷ್ಟೇನೂ ಹಿಡಿಸಲಿಲ್ಲ, ಆದರೂ ನಿನ್ನ ಮುಖ ನೋಡಿ ಇಟ್ಟುಕೊಳ್ಳುತ್ತೇವೆ, ಒಂದೇ ಒಂದು ನಗಾರಿ ಹಾಕಿಬಿಡು ಎಂದರು.

ನಾನು ಕುರ್ಚಿಯಲ್ಲಿ ಸರಿಯಾಗಿ ಕೂತು, ಸಾಧಾರಣ ಗಂಟಲಿನಲ್ಲಿ ಕೇಳಿದೆ. "ಮತ್ತೆ ಮಧ್ಯಂತರದಲ್ಲಿ ಗೋಡೆ ಹತ್ರ ನಿಂತು, ಕಾಲು ತಣ್ಣಗಾಯ್ತು ಅಂದ್ರಲ್ಲ ಸಾರ್?"

ಭಾಮೈದನ ಕೈಯಲ್ಲಿದ್ದ ಪೆನ್ನು ಕೆಳಗೆ ಬಿತ್ತು. ಅದನ್ನು ಎತ್ತಿಕೊಳ್ಳಲು ಅವನು ಬಾಗಲಿಲ್ಲ. ಯಜಮಾನರು ತುಂಬ ಮೆಲ್ಲಗೆ, "ಅಲ್ಲಿ ಯಾರೂ ಇರಲಿಲ್ಲವಲ್ಲಮ್ಮ" ಎಂದರು.

ನಿಮ್ಮ ಹೆಸರು ಹೇಳಬೇಕೆಂದು ಬಾಯಿ ತುಡಿಯುತ್ತಿತ್ತು, ತಡೆದುಕೊಂಡೆ. ಅವರು ನನ್ನನ್ನು ನೋಡಿದರು. ಆಮೇಲೆ ನನ್ನ ಹಿಂದಿದ್ದ ಖಾಲಿ ಕುರ್ಚಿಯನ್ನು ನೋಡಿದರು. ಭಾಮೈದ ತನ್ನ ಕುರ್ಚಿಯನ್ನು ಭಾವನ ಹತ್ತಿರಕ್ಕೆ ಎಳೆದುಕೊಂಡ.

ಆರಂಭ ನನ್ನದೇ, ಇದ್ದ ಹಾಗೆಯೇ. ನಿರ್ದೇಶಕಿ ಎಂದು ನನ್ನ ಹೆಸರೇ ಹೋಗುತ್ತದೆ. ಅಲ್ಲೇ ರುಜು ಹಾಕಿಕೊಟ್ಟರು. ಏಳುವಾಗ ಯಜಮಾನರು, ನಿನಗೆ ಹೇಳಿದ್ದು ಯಾರು ಎಂದು ಇನ್ನೊಮ್ಮೆ ಕೇಳಿದರು. ನಾನು ನಕ್ಕು, ಬಾಗಿಲನ್ನು ಸದ್ದಾಗದಂತೆ ಹಾಕಿಕೊಂಡು ಬಂದೆ.

ನಿಮ್ಮ ಪುಕ್ಕಲಿ